ಮಿದುಳಿನ ಪ್ರೋಟೀನ್ ಮುದ್ದೆಗಳು ಮತ್ತು ಅವುಗಳ ಒಳರಚನೆ: ಪದೇ ಪದೇ ಕೇಳುವ ಪ್ರಶ್ನೆಗಳು

ಆಲ್ಝೈಮರ್, ಪಾರ್ಕಿನ್ಸನ್ ಮತ್ತು ಅವುಗಳ ಬಳಗದ ಕಾಯಿಲೆಗಳ ಕುರಿತ ಮಾತುಕತೆಗಳಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಎದುರಾಗುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಲಾಗಿದೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಉಳಿಸಿಕೊಂಡಿದ್ದೇನೆ. ಯಾವ ಉತ್ತರವನ್ನು ಬೇಕಾದರೂ ಬಿಡಿಯಾಗಿ ಓದಬಹುದು. ಆದರೆ ವಿಷಯ ಹೊಸತಾದವರು ಮೇಲಿನಿಂದ ಓದುತ್ತ ಬಂದರೆ ಕೊನೆಯ ಭಾಗ ಸುಲಭವಾಗುತ್ತದೆ.

## ಮೊದಲು ತಿಳಿಯಬೇಕಾದವು

ನಮ್ಮ ಅಜ್ಜಿಗೆ ಮರೆವಿನ ಕಾಯಿಲೆ. "ಮಿದುಳಿನಲ್ಲಿ ಪ್ರೋಟೀನ್ ಸೇರಿಕೊಂಡಿದೆ" ಎಂದು ಡಾಕ್ಟರು ಹೇಳಿದರು. ಹಾಗೆಂದರೆ ಏನು?

ಪ್ರೋಟೀನ್ ಎಂದರೆ ಅಮೈನೊ ಆಮ್ಲಗಳ ಉದ್ದನೆಯ ಸರಪಳಿ. ಜೀವಕೋಶದೊಳಗೆ ಅದು ತನ್ನ ಕೆಲಸಕ್ಕೆ ತಕ್ಕ ಆಕಾರ ತಾಳುತ್ತದೆ, ಕೆಲಸ ಮುಗಿದ ಮೇಲೆ ಒಡೆದು ಮರುಬಳಕೆಯಾಗುತ್ತದೆ. ಕೆಲವು ಪ್ರೋಟೀನುಗಳು ಮಾತ್ರ ವಯಸ್ಸಾದಂತೆ, ಇಲ್ಲವೇ ವಂಶವಾಹಿಯ ದೋಷದಿಂದ, ತಮ್ಮ ಸಹಜ ಸ್ಥಿತಿಯನ್ನು ಬಿಟ್ಟು ಒಂದಕ್ಕೊಂದು ಅಂಟಿಕೊಂಡು ಉದ್ದನೆಯ ತಂತುಗಳಾಗುತ್ತವೆ. ಈ ತಂತುಗಳು ನೀರಿನಲ್ಲಿ ಕರಗುವುದಿಲ್ಲ. ಕೋಶದ ಶುಚಿಗೊಳಿಸುವ ವ್ಯವಸ್ಥೆಯೂ ಅವುಗಳನ್ನು ಸುಲಭವಾಗಿ ಒಡೆಯಲಾರದು. ತಂತುಗಳು ಸಾವಿರಗಟ್ಟಲೆ ಒಟ್ಟುಗೂಡಿದಾಗ ಸಾಮಾನ್ಯ ಸೂಕ್ಷ್ಮದರ್ಶಕಕ್ಕೂ ಕಾಣುವ ಮುದ್ದೆಯಾಗುತ್ತದೆ.

ಆಲ್ಝೈಮರ್ ಕಾಯಿಲೆಯಲ್ಲಿ ಇಂಥ ಮುದ್ದೆಗಳು ಎರಡು ಬಗೆಯವು. ನರಕೋಶಗಳ ಹೊರಗೆ ಅಮೈಲಾಯ್ಡ್ ಬೀಟಾ ಎಂಬ ಚಿಕ್ಕ ಪ್ರೋಟೀನ್ ತುಣುಕಿನ ಗಡ್ಡೆಗಳಿರುತ್ತವೆ, ನರಕೋಶಗಳ ಒಳಗೆ ಟೌ ಎಂಬ ಪ್ರೋಟೀನಿನ ಗೋಜಲುಗಳಿರುತ್ತವೆ. ಪಾರ್ಕಿನ್ಸನ್ ಕಾಯಿಲೆಯಲ್ಲಿ ಆಲ್ಫಾ ಸಿನ್ಯೂಕ್ಲಿನ್, ಎಎಲ್‌ಎಸ್ ಎಂಬ ಸ್ನಾಯು ಕ್ಷಯಿಸುವ ನರರೋಗದಲ್ಲಿ ಹೆಚ್ಚಾಗಿ ಟಿಡಿಪಿ-43 ಎಂಬ ಪ್ರೋಟೀನ್ ಹೀಗೆ ಶೇಖರಗೊಳ್ಳುತ್ತದೆ.

ಬೇಳೆ, ಮೊಟ್ಟೆಯಂಥ ಪ್ರೋಟೀನ್ ಹೆಚ್ಚಿರುವ ಆಹಾರ ಕೊಟ್ಟರೆ ಇದು ಜಾಸ್ತಿಯಾಗುತ್ತದೆಯೇ?

ಇಲ್ಲ. ತಿಂದ ಪ್ರೋಟೀನ್ ಜೀರ್ಣವಾಗಿ ಅಮೈನೊ ಆಮ್ಲಗಳಾಗಿ ಒಡೆಯುತ್ತದೆ. ಮುದ್ದೆಗಟ್ಟುವ ಪ್ರೋಟೀನುಗಳನ್ನು ಮಿದುಳಿನ ಕೋಶಗಳು ತಮ್ಮ ವಂಶವಾಹಿಗಳ ಸೂಚನೆಯಂತೆ ತಾವೇ ತಯಾರಿಸುತ್ತವೆ. ಈ ಭಯದಿಂದ ವಯಸ್ಸಾದವರಿಗೆ ಬೇಳೆ, ಮೊಟ್ಟೆ, ಹಾಲು ಕಡಿಮೆ ಮಾಡಿದರೆ ಅವರ ಸ್ನಾಯುಬಲ ಕುಗ್ಗುತ್ತದೆಯೇ ಹೊರತು ಕಾಯಿಲೆ ಕುಗ್ಗುವುದಿಲ್ಲ.

ಇದನ್ನು ಮೊದಲು ಕಂಡವರು ಯಾರು?

ಜರ್ಮನಿಯ ವೈದ್ಯ ಅಲೋಯಿಸ್ ಆಲ್ಝೈಮರ್ ಅವರು 1901ರಲ್ಲಿ ಫ್ರಾಂಕ್‌ಫರ್ಟ್ ನಗರದ ಆಸ್ಪತ್ರೆಯಲ್ಲಿ ಆಗುಸ್ಟೆ ಡೀಟರ್ ಎಂಬ ಮಹಿಳೆಯನ್ನು ಪರೀಕ್ಷಿಸಿದ್ದರು. ಆಕೆ 1906ರಲ್ಲಿ ತೀರಿಕೊಂಡ ಮೇಲೆ ಮಿದುಳಿನ ತೆಳು ಹೋಳುಗಳಿಗೆ ಬೆಳ್ಳಿಯ ಲವಣದಿಂದ ಬಣ್ಣ ಕೊಟ್ಟು ನೋಡಿದಾಗ ಗಡ್ಡೆಗಳೂ ಗೋಜಲುಗಳೂ ಕಂಡವು. ಅದೇ ವರ್ಷದ ನವೆಂಬರಿನಲ್ಲಿ ಟ್ಯೂಬಿಂಗನ್ ನಗರದ ಸಭೆಯೊಂದರಲ್ಲಿ ಅವರು ಇದನ್ನು ವರದಿ ಮಾಡಿದರು. 1912ರಲ್ಲಿ ಫ್ರೆಡ್ರಿಕ್ ಲೇವಿ ಅವರು ಪಾರ್ಕಿನ್ಸನ್ ರೋಗಿಗಳ ನರಕೋಶಗಳಲ್ಲಿ ದುಂಡನೆಯ ಮುದ್ದೆಗಳನ್ನು ವರ್ಣಿಸಿದರು. ಅವನ್ನು ಇಂದು ಲೇವಿ ಕಾಯಗಳೆಂದು ಕರೆಯುತ್ತೇವೆ.

ಮುದ್ದೆ ಕಂಡಿತೇ ಹೊರತು ಅದರೊಳಗೆ ಏನಿದೆ ಎಂಬುದು ತಿಳಿಯಲು ದಶಕಗಳೇ ಬೇಕಾದವು. 1963ರಲ್ಲಿ ಮೈಕೆಲ್ ಕಿಡ್ ಅವರು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಆಲ್ಝೈಮರ್ ಗೋಜಲನ್ನು ನೋಡಿ, ಅದು ಒಂದರ ಸುತ್ತ ಒಂದು ಹೊಸೆದುಕೊಂಡ ಜೋಡಿ ಎಳೆಗಳಿಂದಾಗಿದೆ ಎಂದು ತೋರಿಸಿದರು. ಅಮೈಲಾಯ್ಡ್ ಬೀಟಾ ತುಣುಕನ್ನು 1984ರಲ್ಲಿ ಜಾರ್ಜ್ ಗ್ಲೆನ್ನರ್ ಮತ್ತು ಕೇನ್ ವಾಂಗ್ ಗುರುತಿಸಿದರು. ಜೋಡಿ ಎಳೆಗಳ ತಿರುಳಿನಲ್ಲಿರುವುದು ಟೌ ಎಂಬುದು 1988ರ ಹೊತ್ತಿಗೆ, ಲೇವಿ ಕಾಯಗಳಲ್ಲಿರುವುದು ಆಲ್ಫಾ ಸಿನ್ಯೂಕ್ಲಿನ್ ಎಂಬುದು 1997ರಲ್ಲಿ, ಎಎಲ್‌ಎಸ್‌ನ ಮುದ್ದೆಯಲ್ಲಿರುವುದು ಟಿಡಿಪಿ-43 ಎಂಬುದು 2006ರಲ್ಲಿ ಖಚಿತವಾಯಿತು.

ಇದು ಒಬ್ಬರಿಂದ ಒಬ್ಬರಿಗೆ ಹರಡುತ್ತದೆಯೇ? ಅಪ್ಪನ ಜೊತೆ ಮೊಮ್ಮಕ್ಕಳೂ ಒಂದೇ ಮನೆಯಲ್ಲಿದ್ದಾರೆ.

ಮುಟ್ಟುವುದರಿಂದ, ಊಟ ಹಂಚಿಕೊಳ್ಳುವುದರಿಂದ, ಆರೈಕೆ ಮಾಡುವುದರಿಂದ ಆಲ್ಝೈಮರ್ ಆಗಲಿ ಪಾರ್ಕಿನ್ಸನ್ ಆಗಲಿ ಹರಡುವುದಿಲ್ಲ. ಮೊಮ್ಮಕ್ಕಳು ತಾತನ ಪಕ್ಕದಲ್ಲಿ ನಿಶ್ಚಿಂತೆಯಿಂದ ಮಲಗಬಹುದು.

ಈ ಅನುಮಾನ ಹುಟ್ಟಲು ಕಾರಣ ಇಲ್ಲದಿಲ್ಲ. ಒಬ್ಬನ ಮಿದುಳಿನೊಳಗೇ ಒಂದು ಭಾಗದಿಂದ ಇನ್ನೊಂದು ಭಾಗಕ್ಕೆ ಈ ತಂತುಗಳು ಹಬ್ಬುವ ರೀತಿ, ಪ್ರಿಯಾನ್ ಎಂಬ ಸೋಂಕುಕಾರಕ ಪ್ರೋಟೀನಿನ ರೀತಿಯನ್ನು ಹೋಲುತ್ತದೆ. ಹಿಂದೊಮ್ಮೆ ಮೃತರ ಪಿಟ್ಯುಟರಿ ಗ್ರಂಥಿಯಿಂದ ತೆಗೆದ ಬೆಳವಣಿಗೆಯ ಹಾರ್ಮೋನನ್ನು ಮಕ್ಕಳಿಗೆ ಚುಚ್ಚುಮದ್ದಾಗಿ ಕೊಡುತ್ತಿದ್ದರು. ಬ್ರಿಟನ್ನಿನಲ್ಲಿ ಅದನ್ನು ಪಡೆದ ಕೆಲವರಲ್ಲಿ ಮುಂದೆ ಅಮೈಲಾಯ್ಡ್ ಬೀಟಾ ಕಾಯಿಲೆ ಕಾಣಿಸಿಕೊಂಡ ವರದಿ 2024ರಲ್ಲಿ ಬಂದಿತು. ಆ ಚಿಕಿತ್ಸೆಯನ್ನು 1985ರಲ್ಲೇ ನಿಲ್ಲಿಸಲಾಗಿದೆ. ಅದು ವೈದ್ಯಕೀಯ ವಿಧಾನದ ಮೂಲಕ ನೇರವಾಗಿ ದೇಹದೊಳಗೆ ಸೇರಿದ ಅಪರೂಪದ ಸಂದರ್ಭ. ಮನೆಯ ಒಡನಾಟಕ್ಕೂ ಅದಕ್ಕೂ ಸಂಬಂಧವಿಲ್ಲ.

## ತಂತುವಿನ ಒಳಗೆ

ಮುದ್ದೆ ಎಂದರೆ ಅಡ್ಡಾದಿಡ್ಡಿ ಗಂಟು ತಾನೇ? ಅದರಲ್ಲಿ ರಚನೆ ಎಲ್ಲಿಂದ ಬಂತು?

ಬಹಳ ಕಾಲ ವಿಜ್ಞಾನಿಗಳಲ್ಲೂ ಅನೇಕರು ಹಾಗೆಯೇ ತಿಳಿದಿದ್ದರು. ಮುದ್ದೆಯನ್ನು ದೂರದಿಂದ ನೋಡಿದರೆ ಗೋಜಲು ನಿಜ. ಆದರೆ ಅದರೊಳಗಿನ ಒಂದೊಂದು ತಂತುವೂ ಬೆರಗಾಗುವಷ್ಟು ಕ್ರಮಬದ್ಧವಾದದ್ದು.

ಚಕ್ಕುಲಿಯನ್ನು ನೆನಪಿಸಿಕೊಳ್ಳಿ. ಹಿಟ್ಟಿನ ಒಂದೇ ಎಳೆ ಸಮತಟ್ಟಾಗಿ ಸುತ್ತಿಕೊಂಡು ಒಂದು ಆಕೃತಿಯಾಗುತ್ತದೆ. ಒಂದೇ ಆಕೃತಿಯ ಚಕ್ಕುಲಿಗಳನ್ನು ಒಂದರ ಮೇಲೊಂದು ಪೇರಿಸುತ್ತ, ಪ್ರತಿಯೊಂದನ್ನೂ ಕೆಳಗಿನದಕ್ಕಿಂತ ತುಸುವೇ ತಿರುಗಿಸಿದರೆ, ಹೊಸೆದ ಕಂಬವೊಂದು ಎದ್ದು ನಿಲ್ಲುತ್ತದೆ. ಯಾವ ಪ್ರೋಟೀನಿನದಾದರೂ ಇಂಥ ತಂತುವಿಗೆ ಅಮೈಲಾಯ್ಡ್ ತಂತು ಎಂಬ ಸಾಮಾನ್ಯ ಹೆಸರಿದೆ. ಅದರಲ್ಲಿ ಪ್ರತಿ ಪದರವೂ ಒಂದು ಪ್ರೋಟೀನ್ ಅಣು. ಅದು ಹೆಚ್ಚುಕಡಿಮೆ ಸಮತಟ್ಟಾಗಿ ಮಡಿಚಿಕೊಂಡಿರುತ್ತದೆ. ಅದರ ಮೇಲಿನ ಅಣುವೂ ತದ್ರೂಪವಾಗಿ ಅದೇ ಮಡಿಕೆಯಲ್ಲಿರುತ್ತದೆ. ಪದರದಿಂದ ಪದರಕ್ಕೆ ಇರುವ ಅಂತರ ಸುಮಾರು 0.47ರಿಂದ 0.48 ನ್ಯಾನೊಮೀಟರ್. ಹಾಗಾಗಿ ಒಂದು ಮೈಕ್ರೊಮೀಟರ್ ಉದ್ದದ, ಅಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲಿನಷ್ಟು ಉದ್ದದ, ಒಂದು ಎಳೆಯಲ್ಲಿ ಎರಡು ಸಾವಿರಕ್ಕೂ ಹೆಚ್ಚು ಅಣುಗಳು ಪೇರಿಸಿಕೊಂಡಿರುತ್ತವೆ. ಆಲ್ಝೈಮರ್ ಕಾಯಿಲೆಯ ಜೋಡಿ ಎಳೆಗಳಲ್ಲಿ ಪ್ರತಿ ಪದರವೂ ಕೆಳಗಿನದಕ್ಕಿಂತ ಒಂದು ಡಿಗ್ರಿಯ ಆಸುಪಾಸಿನಲ್ಲಿ ತಿರುಗಿರುತ್ತದೆ.

ಈ ಜೋಡಣೆಯಲ್ಲಿ ಅಮೈನೊ ಆಮ್ಲಗಳ ಸರಪಳಿ ತಂತುವಿನ ಉದ್ದಕ್ಕೆ ಅಡ್ಡವಾಗಿ ಓಡುತ್ತದೆ, ಅಣುವಿನಿಂದ ಅಣುವಿಗೆ ಬೆಸೆಯುವ ಹೈಡ್ರೋಜನ್ ಬಂಧಗಳು ತಂತುವಿನ ಉದ್ದಕ್ಕೆ ಸಾಗುತ್ತವೆ. ವಿಜ್ಞಾನಿಗಳು ಇದನ್ನು ಅಡ್ಡ ಬೀಟಾ ರಚನೆ ಎನ್ನುತ್ತಾರೆ. ಅಮೈಲಾಯ್ಡ್ ತಂತುಗಳ ಮೇಲೆ ಎಕ್ಸ್‌ರೇ ಹಾಯಿಸಿ ಅದರ ಗುರುತನ್ನು ಈನ್ಸ್ ಮತ್ತು ಗ್ಲೆನ್ನರ್ 1968ರಲ್ಲೇ ಕಂಡಿದ್ದರು.

ಇದು ಇಷ್ಟು ಗಟ್ಟಿಯಾಗಿರುವುದು ಏಕೆ? ದೇಹಕ್ಕೆ ಒಡೆಯಲು ಆಗುವುದಿಲ್ಲವೇ?

ಎರಡು ಕಾರಣಗಳು ಒಟ್ಟಿಗೆ ಕೆಲಸ ಮಾಡುತ್ತವೆ. ಒಂದು ಹೈಡ್ರೋಜನ್ ಬಂಧ ಬಿಡಿಯಾಗಿ ದುರ್ಬಲವಾದರೂ, ಪ್ರತಿ ಪದರದ ನಡುವೆ ಹತ್ತಾರು ಬಂಧಗಳಿದ್ದು, ಅವು ಸಾವಿರಾರು ಪದರಗಳ ಉದ್ದಕ್ಕೂ ಸಾಲುಗಟ್ಟಿರುತ್ತವೆ. ಇದರ ಜೊತೆಗೆ, ಹೀಗೆ ಪೇರಿಸಿಕೊಂಡ ಸರಪಳಿಗಳು ಹಾಳೆಗಳಂತಾಗಿ, ಎದುರುಬದುರಾದ ಎರಡು ಹಾಳೆಗಳ ಅಮೈನೊ ಆಮ್ಲಗಳು ನೀರಿನ ಒಂದು ಅಣುವೂ ನುಸುಳದಷ್ಟು ಬಿಗಿಯಾಗಿ ಒಂದರ ಸಂದಿನಲ್ಲಿ ಒಂದು ಕೂತಿರುತ್ತವೆ. ಡೇವಿಡ್ ಐಸೆನ್‌ಬರ್ಗ್ ಅವರ ತಂಡ 2005ರಲ್ಲಿ ಯೀಸ್ಟಿನ ಪ್ರೋಟೀನ್ ತುಣುಕೊಂದರ ಹರಳಿನಲ್ಲಿ ಈ ಒಣ ಸಂದಿಯನ್ನು ಪರಮಾಣು ಮಟ್ಟದಲ್ಲಿ ತೋರಿಸಿತು. ತಂತುವಿನ ತುದಿಯಲ್ಲಿರುವ ಅಣು ಹೊಸದಾಗಿ ಬರುವ ಅಣುವಿಗೆ ಅಚ್ಚಿನಂತೆ ಒದಗುವುದರಿಂದ, ಒಮ್ಮೆ ಆರಂಭವಾದ ತಂತು ಅದೇ ಮಡಿಕೆಯಲ್ಲಿ ಬೆಳೆಯುತ್ತ ಹೋಗುತ್ತದೆ. ತುಂಡಾದರೆ ಪ್ರತಿ ತುಂಡೂ ಹೊಸ ಬೀಜವಾಗುತ್ತದೆ.

ಇಷ್ಟು ಸೂಕ್ಷ್ಮವಾದದ್ದನ್ನು ನೋಡಿದ್ದು ಹೇಗೆ?

ಮಿದುಳಿನಿಂದ ತೆಗೆದ ತಂತುಗಳು ಹರಳುಗಟ್ಟುವುದಿಲ್ಲ; ಹಾಗಾಗಿ ಪ್ರೋಟೀನುಗಳ ಆಕಾರ ತಿಳಿಯಲು ಬಹುಕಾಲ ಬಳಕೆಯಲ್ಲಿದ್ದ ಎಕ್ಸ್‌ರೇ ವಿಧಾನ ಇಲ್ಲಿ ಪೂರ್ತಿ ನೆರವಾಗಲಿಲ್ಲ. ದಾರಿ ತೆರೆದದ್ದು ಕ್ರಯೊ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ. ದಾನವಾಗಿ ಬಂದ ಮಿದುಳಿನ ಹೆಪ್ಪುಗಟ್ಟಿಸಿದ ತುಂಡನ್ನು ಅರೆದು, ಮಾರ್ಜಕದಲ್ಲಿ ಕರಗದೆ ಉಳಿಯುವ ತಂತುಗಳನ್ನು ಬೇರ್ಪಡಿಸಿ, ತೆಳುವಾದ ನೀರಿನ ಪೊರೆಯಲ್ಲಿ ಹರಡಿ, ದ್ರವ ಈಥೇನಿನಲ್ಲಿ ಕ್ಷಣಮಾತ್ರದಲ್ಲಿ ಹೆಪ್ಪುಗಟ್ಟಿಸುತ್ತಾರೆ. ನೀರು ಮಂಜಿನ ಹರಳಾಗುವಷ್ಟು ಸಮಯವೂ ಸಿಗದ ಕಾರಣ ತಂತು ಇದ್ದ ಹಾಗೆಯೇ ಉಳಿಯುತ್ತದೆ. ಆಮೇಲೆ ಸಾವಿರಾರು ಚಿತ್ರಗಳನ್ನು ತೆಗೆದು, ಗಣಕಯಂತ್ರದಲ್ಲಿ ಅವನ್ನು ಹೊಂದಿಸಿ ಮೂರು ಆಯಾಮದ ನಕ್ಷೆ ಕಟ್ಟುತ್ತಾರೆ.

2017ರಲ್ಲಿ ಕೇಂಬ್ರಿಡ್ಜಿನ ಎಂಆರ್‌ಸಿ ಅಣುಜೀವವಿಜ್ಞಾನ ಪ್ರಯೋಗಾಲಯದ ಮಿಶೆಲ್ ಗೋಡರ್ಟ್ ಮತ್ತು ಷೋರ್ಸ್ ಷೆರೆಸ್ ಅವರ ತಂಡ ಆಲ್ಝೈಮರ್ ರೋಗಿಯೊಬ್ಬರ ಮಿದುಳಿನ ಟೌ ತಂತುವಿನ ರಚನೆಯನ್ನು ಹೀಗೆ ಪ್ರಕಟಿಸಿತು. ಮಾನವ ಮಿದುಳಿನಿಂದ ನೇರವಾಗಿ ತೆಗೆದ ತಂತುವೊಂದರ ಮಡಿಕೆ ಅಷ್ಟು ಸ್ಪಷ್ಟವಾಗಿ ಕಂಡದ್ದು ಅದೇ ಮೊದಲು. ಕಾಕತಾಳೀಯವಾಗಿ, ಈ ಸೂಕ್ಷ್ಮದರ್ಶನ ವಿಧಾನವನ್ನು ರೂಪಿಸಿದ ಡುಬೋಷೆ, ಫ್ರಾಂಕ್ ಮತ್ತು ಹೆಂಡರ್ಸನ್ ಅವರಿಗೆ ರಸಾಯನ ವಿಜ್ಞಾನದ ನೊಬೆಲ್ ಪ್ರಶಸ್ತಿ ಬಂದದ್ದೂ ಅದೇ ವರ್ಷ.

ಇಡೀ ಪ್ರೋಟೀನ್ ಅಣು ಆ ಮಡಿಕೆಯೊಳಗೇ ಇರುತ್ತದೆಯೇ?

ಇಲ್ಲ. ಟೌ ಪ್ರೋಟೀನಿನ ಅತಿ ಉದ್ದದ ರೂಪದಲ್ಲಿ 441 ಅಮೈನೊ ಆಮ್ಲಗಳಿವೆ. ಆಲ್ಝೈಮರ್ ತಂತುವಿನ ಗಟ್ಟಿ ತಿರುಳಿನಲ್ಲಿ ಕಾಣುವುದು ಸುಮಾರು 306ರಿಂದ 378ರವರೆಗಿನವು ಮಾತ್ರ, ಅಂದರೆ ಆರನೇ ಒಂದು ಭಾಗ. ಉಳಿದ ಭಾಗ ತಿರುಳಿನ ಸುತ್ತ ಸಡಿಲವಾಗಿ ಚಾಚಿಕೊಂಡಿರುತ್ತದೆ; ನಿಶ್ಚಿತ ಆಕಾರವಿಲ್ಲದ ಕಾರಣ ನಕ್ಷೆಯಲ್ಲಿ ಅದು ಮಸುಕು. ತಂತು ಕೋಶದ ಇತರ ಅಣುಗಳೊಡನೆ ಮೊದಲು ತಾಗುವುದು ಈ ಮಸುಕು ಭಾಗದ ಮೂಲಕವೇ. ಹಾಗಾಗಿ ಕಾಣುವ ತಿರುಳೊಂದನ್ನೇ ಇಡೀ ಕಥೆಯೆಂದು ತಿಳಿಯಬಾರದು.

## ಒಂದೊಂದು ಕಾಯಿಲೆಗೆ ಒಂದೊಂದು ಮಡಿಕೆ

ಟೌ ಒಂದೇ ಪ್ರೋಟೀನ್. ಅದರಿಂದ ಇಷ್ಟೊಂದು ಬೇರೆ ಬೇರೆ ಕಾಯಿಲೆ ಹೇಗೆ ಬರುತ್ತದೆ?

ಈ ಕ್ಷೇತ್ರ ಕಳೆದ ಕೆಲವು ವರ್ಷಗಳಲ್ಲಿ ಕಲಿತ ಅತಿ ಮುಖ್ಯ ಪಾಠ ಈ ಪ್ರಶ್ನೆಯ ಉತ್ತರದಲ್ಲಿದೆ ಎಂದು ನಾನು ನಂಬಿದ್ದೇನೆ. ಪ್ರೋಟೀನ್ ಒಂದೇ ಆದರೂ ಕಾಯಿಲೆ ಬದಲಾದರೆ ಸಾಮಾನ್ಯವಾಗಿ ಮಡಿಕೆ ಬದಲಾಗುತ್ತದೆ. ಕಾಯಿಲೆ ಅದೇ ಆದರೆ, ರೋಗಿ ಯಾರೇ ಆಗಿರಲಿ, ಮಡಿಕೆಯೂ ಅದೇ.

ಆಲ್ಝೈಮರ್ ಕಾಯಿಲೆಯಲ್ಲಿ ಟೌ ಅಣು ಇಂಗ್ಲಿಷಿನ ಸಿ ಅಕ್ಷರದ ಆಕಾರದಲ್ಲಿ ಮಡಿಚಿಕೊಳ್ಳುತ್ತದೆ, ಅಂಥ ಎರಡು ಎಳೆಗಳು ಸೇರಿ ಒಂದು ತಂತುವಾಗುತ್ತದೆ. ವಂಶಪಾರಂಪರ್ಯವಾಗಿ ಬಂದ ಆಲ್ಝೈಮರ್ ಇರಲಿ, ವಯಸ್ಸಿನೊಡನೆ ತಾನಾಗಿ ಬಂದದ್ದಿರಲಿ, ಮಡಿಕೆ ಒಂದೇ. 2018ರಲ್ಲಿ ಪಿಕ್ ಕಾಯಿಲೆಯ ತಂತು ನೋಡಿದಾಗ ಅದು ಉದ್ದನೆಯ ಜೆ ಆಕಾರದಲ್ಲಿತ್ತು. ಪಿಕ್ ಕಾಯಿಲೆ ನೆನಪಿಗಿಂತ ಮೊದಲು ನಡವಳಿಕೆಯನ್ನೂ ಮಾತನ್ನೂ ಕೆಡಿಸುವಂಥದ್ದು. ಕಾರ್ಟಿಕೊಬೇಸಲ್ ಡಿಜೆನರೇಷನ್ ಎಂಬ ಕಾಯಿಲೆಯಲ್ಲಿ ಅಣು ನಾಲ್ಕು ಸಾಲುಗಳಾಗಿ ಮಡಿಚಿಕೊಂಡಿರುವುದು 2020ರಲ್ಲಿ ತಿಳಿಯಿತು. ಕಣ್ಣಿನ ಚಲನೆ ಕುಂಠಿತವಾಗಿ ಪದೇ ಪದೇ ಹಿಂದಕ್ಕೆ ಬೀಳುವ ಪಿಎಸ್‌ಪಿ ಕಾಯಿಲೆಯಲ್ಲಿ ಮೂರು ಸಾಲುಗಳಿರುವುದು 2021ರಲ್ಲಿ ತಿಳಿಯಿತು. ಅದೇ ವರ್ಷ ಗೋಡರ್ಟ್, ಷೆರೆಸ್ ಮತ್ತು ಸಂಗಡಿಗರು ಟೌ ಕಾಯಿಲೆಗಳನ್ನು ಮಡಿಕೆಯ ಆಧಾರದ ಮೇಲೆಯೇ ವರ್ಗೀಕರಿಸಿದರು.

ಮಡಿಕೆ ಬದಲಾಗಲು ಒಂದು ಕಾರಣ ಟೌನಲ್ಲೇ ಇದೆ. ವಯಸ್ಕರ ಮಿದುಳಿನಲ್ಲಿ ಟೌ ಆರು ರೂಪಗಳಲ್ಲಿರುತ್ತದೆ. ಕೆಲವದರಲ್ಲಿ ಒಂದು ಬಗೆಯ ಪುನರಾವರ್ತಿತ ಭಾಗ ಮೂರು ಸಲ, ಕೆಲವದರಲ್ಲಿ ನಾಲ್ಕು ಸಲ ಬರುತ್ತದೆ. ಪಿಕ್ ತಂತುವಿನಲ್ಲಿ ಮೂರರ ರೂಪ ಮಾತ್ರ, ಪಿಎಸ್‌ಪಿಯಲ್ಲಿ ನಾಲ್ಕರ ರೂಪ ಮಾತ್ರ, ಆಲ್ಝೈಮರ್‌ನಲ್ಲಿ ಎರಡೂ. ಆದರೆ ಇದೊಂದೇ ಸಾಲದು, ಏಕೆಂದರೆ ನಾಲ್ಕರ ರೂಪವೇ ಪಿಎಸ್‌ಪಿಯಲ್ಲಿ ಒಂದು ಬಗೆಯಾಗಿ, ಕಾರ್ಟಿಕೊಬೇಸಲ್ ಕಾಯಿಲೆಯಲ್ಲಿ ಇನ್ನೊಂದು ಬಗೆಯಾಗಿ ಮಡಿಚಿಕೊಳ್ಳುತ್ತದೆ. ಯಾವ ಕೋಶದಲ್ಲಿ, ಯಾವ ಅಣುಗಳ ನೆರೆಯಲ್ಲಿ ಮೊದಲ ಮಡಿಕೆ ಬಿತ್ತು ಎಂಬುದೂ ಪಾತ್ರ ವಹಿಸುವಂತಿದೆ.

ಮಡಿಕೆಯ ಒಳಗೆ ಪ್ರೋಟೀನ್ ಅಲ್ಲದ ಏನೋ ಸಿಕ್ಕಿಕೊಂಡಿದೆ ಎಂದು ಓದಿದೆ. ನಿಜವೇ?

ನಿಜ. ತಲೆಗೆ ಮತ್ತೆ ಮತ್ತೆ ಪೆಟ್ಟು ಬೀಳುವ ಬಾಕ್ಸಿಂಗ್, ಅಮೆರಿಕನ್ ಫುಟ್‌ಬಾಲ್ ಮೊದಲಾದ ಆಟಗಳನ್ನಾಡಿದವರಲ್ಲಿ ಕಾಣುವ ಸಿಟಿಇ ಎಂಬ ಕಾಯಿಲೆಯ ಟೌ ತಂತುವನ್ನು 2019ರಲ್ಲಿ ಪರೀಕ್ಷಿಸಿದಾಗ, ಅದು ಆಲ್ಝೈಮರ್ ಮಡಿಕೆಗೆ ಹತ್ತಿರವಿದ್ದರೂ ಸಿ ಆಕಾರ ತುಸು ಹೆಚ್ಚು ತೆರೆದಿತ್ತು, ಒಳಗೊಂದು ಪೊಳ್ಳಿತ್ತು, ಆ ಪೊಳ್ಳಿನಲ್ಲಿ ಪ್ರೋಟೀನ್ ಅಲ್ಲದ ವಸ್ತುವೊಂದರ ಗುರುತಿತ್ತು. ಪೊಳ್ಳಿನ ಗೋಡೆ ನೀರನ್ನು ದೂರವಿಡುವ ಸ್ವಭಾವದ್ದಾದ್ದರಿಂದ ಒಳಗಿರುವುದು ಕೊಬ್ಬಿನ ಸ್ವಭಾವದ ಅಣುವಿರಬಹುದು ಎಂಬ ಊಹೆಯಿದೆ. ಅದರ ಹೆಸರು ಇನ್ನೂ ಪತ್ತೆಯಾಗಿಲ್ಲ.

ಇನ್ನೂ ಗಮನ ಸೆಳೆಯುವ ಸಂಗತಿಯೊಂದಿದೆ. ದಡಾರ ಬಂದು ಹೋದ ಎಷ್ಟೋ ವರ್ಷಗಳ ನಂತರ ಮಕ್ಕಳನ್ನೂ ತರುಣರನ್ನೂ ಕಾಡುವ ಎಸ್‌ಎಸ್‌ಪಿಇ ಎಂಬ ಮಿದುಳಿನ ಉರಿಯೂತ ನಮ್ಮ ದೇಶದ ನರರೋಗ ತಜ್ಞರಿಗೆ ಚೆನ್ನಾಗಿ ಪರಿಚಿತ. ಅದರ ಟೌ ತಂತುಗಳಲ್ಲೂ ಇದೇ ಸಿಟಿಇ ಮಡಿಕೆ ಇರುವುದು 2023ರಲ್ಲಿ ವರದಿಯಾಯಿತು. ಪೆಟ್ಟು ಒಂದೆಡೆ, ವೈರಾಣು ಇನ್ನೊಂದೆಡೆ, ಮಡಿಕೆ ಮಾತ್ರ ಒಂದೇ. ದೀರ್ಘಕಾಲದ ಉರಿಯೂತ ಈ ಎರಡನ್ನೂ ಜೋಡಿಸುವ ಕೊಂಡಿಯಿರಬಹುದು.

ಅಪ್ಪನಿಗೆ ಮೊದಲು ಪಾರ್ಕಿನ್ಸನ್ ಎಂದರು, ಆಮೇಲೆ ಎಂಎಸ್‌ಎ ಎಂದರು. ಎರಡರಲ್ಲೂ ಇರುವುದು ಒಂದೇ ಪ್ರೋಟೀನ್ ಅಲ್ಲವೇ?

ಎಂಎಸ್‌ಎ ಎಂದರೆ ಮಲ್ಟಿಪಲ್ ಸಿಸ್ಟಮ್ ಅಟ್ರೊಫಿ, ಮಿದುಳಿನ ಹಲವು ಭಾಗಗಳು ಕ್ಷಯಿಸುವ ಕಾಯಿಲೆ. ಎರಡರಲ್ಲೂ ಇರುವುದು 140 ಅಮೈನೊ ಆಮ್ಲಗಳ ಆಲ್ಫಾ ಸಿನ್ಯೂಕ್ಲಿನ್. ಆರಂಭದ ಲಕ್ಷಣಗಳೂ ಹೋಲುವುದರಿಂದ ವೈದ್ಯರ ಮೊದಲ ನಿರ್ಣಯ ಬದಲಾಗುವುದು ಅಪರೂಪವೇನಲ್ಲ. ಆದರೆ ಪಾರ್ಕಿನ್ಸನ್‌ನಲ್ಲಿ ಮುದ್ದೆ ಮುಖ್ಯವಾಗಿ ನರಕೋಶಗಳಲ್ಲಿ, ಎಂಎಸ್‌ಎಯಲ್ಲಿ ಮುಖ್ಯವಾಗಿ ನರತಂತುಗಳಿಗೆ ಹೊದಿಕೆ ಕಟ್ಟುವ ಸಹಾಯಕ ಕೋಶಗಳಲ್ಲಿ ಇರುತ್ತದೆ. ತಂತುವಿನ ರಚನೆಯೂ ಬೇರೆ: 2020ರಲ್ಲಿ ಕಂಡಂತೆ ಎಂಎಸ್‌ಎ ತಂತುವಿನಲ್ಲಿ ಒಂದನ್ನೊಂದು ಹೋಲದ ಎರಡು ಎಳೆಗಳು ಅಪ್ಪಿಕೊಂಡಿವೆ, 2022ರಲ್ಲಿ ಕಂಡಂತೆ ಪಾರ್ಕಿನ್ಸನ್‌ನಲ್ಲೂ ಲೇವಿ ಕಾಯಗಳ ಮರೆವಿನ ಕಾಯಿಲೆಯಲ್ಲೂ ಒಂಟಿ ಎಳೆಯ ಬೇರೊಂದು ಮಡಿಕೆಯಿದೆ. ಪಾರ್ಕಿನ್ಸನ್ ಮತ್ತು ಲೇವಿ ಕಾಯಗಳ ಮರೆವು ಒಂದೇ ಮಡಿಕೆ ಹಂಚಿಕೊಂಡಿರುವುದು, ಅವೆರಡೂ ಒಂದೇ ಕಾಯಿಲೆಯ ಎರಡು ಮುಖಗಳೆಂಬ ವೈದ್ಯರ ಹಳೆಯ ಅನುಮಾನಕ್ಕೆ ಬಲ ಕೊಟ್ಟಿದೆ.

ಲೇವಿ ಕಾಯದಲ್ಲಿ ತಂತುಗಳಷ್ಟೇ ಇರುವುದಿಲ್ಲ. 2019ರ ಅಧ್ಯಯನವೊಂದು ಅದರೊಳಗೆ ಒಡೆದ ಪೊರೆಗಳು, ಕೋಶಕಗಳೆಂಬ ಸೂಕ್ಷ್ಮ ಚೀಲಗಳು, ಕೊಬ್ಬಿನ ಅಂಶಗಳು ಕಿಕ್ಕಿರಿದಿರುವುದನ್ನು ತೋರಿಸಿತು.

ಅಮೈಲಾಯ್ಡ್ ಬೀಟಾ ಗಡ್ಡೆಗೂ ಹೀಗೆ ಬೇರೆ ಬೇರೆ ಮಡಿಕೆ ಇದೆಯೇ?

ಇದೆ. 42 ಅಮೈನೊ ಆಮ್ಲಗಳ ರೂಪದ ತಂತುಗಳು ಮಿದುಳಿನಲ್ಲಿ ಎರಡು ಮುಖ್ಯ ಬಗೆಯವೆಂದು 2022ರಲ್ಲಿ ತಿಳಿಯಿತು: ತಾನಾಗಿ ಬಂದ ಆಲ್ಝೈಮರ್‌ನಲ್ಲಿ ಹೆಚ್ಚಾಗಿ ಮೊದಲನೆಯ ಬಗೆ, ವಂಶದಲ್ಲಿ ಬಂದದ್ದರಲ್ಲಿ ಮತ್ತು ಬೇರೆ ಕೆಲವು ಕಾಯಿಲೆಗಳಲ್ಲಿ ಎರಡನೆಯ ಬಗೆ.

ಎಎಲ್‌ಎಸ್ ಮತ್ತು ವಯಸ್ಸಾದ ಆರೋಗ್ಯವಂತರ ಮಿದುಳಿನಲ್ಲಿ ಏನು ಸಿಕ್ಕಿದೆ?

ಎಎಲ್‌ಎಸ್ ಜೊತೆಗೆ ಮಿದುಳಿನ ಮುಂಭಾಗವೂ ಕ್ಷಯಿಸಿದವರಲ್ಲಿ ಟಿಡಿಪಿ-43 ಎರಡು ಸುರುಳಿಗಳಂತೆ ಮಡಿಚಿಕೊಂಡಿರುತ್ತದೆ. ಮಿದುಳಿನ ಮುಂಭಾಗವಷ್ಟೇ ಕ್ಷಯಿಸುವ ಕಾಯಿಲೆಯ ಇನ್ನೊಂದು ಬಗೆಯಲ್ಲಿ ಅದೇ ಪ್ರೋಟೀನಿನ ಮಡಿಕೆ ಬೇರೆ.

ಎಲ್ಲರನ್ನೂ ಚಕಿತಗೊಳಿಸಿದ್ದು 2022ರಲ್ಲಿ ಹಲವು ತಂಡಗಳಿಗೆ ಏಕಕಾಲದಲ್ಲಿ ಸಿಕ್ಕ ಟಿಎಂಇಎಂ106ಬಿ ಎಂಬ ಪ್ರೋಟೀನಿನ ತಂತುಗಳು. ಇವು ಹಲವು ಬಗೆಯ ರೋಗಿಗಳಲ್ಲಿ ಮಾತ್ರವಲ್ಲ, ಯಾವ ನರರೋಗವೂ ಇಲ್ಲದ ವಯೋವೃದ್ಧರ ಮಿದುಳಿನಲ್ಲೂ ಇವೆ. ತಂತು ಕಂಡ ಮಾತ್ರಕ್ಕೆ ಅದೇ ಕಾಯಿಲೆಯ ಮೂಲವೆಂದು ತೀರ್ಮಾನಿಸಬಾರದು ಎಂಬುದಕ್ಕೆ ಇದು ಒಳ್ಳೆಯ ಎಚ್ಚರಿಕೆ.

## ಇನ್ನೂ ಆಳದ ಪ್ರಶ್ನೆಗಳು

ಹಾಗಾದರೆ ಮುದ್ದೆಯೇ ಕಾಯಿಲೆಗೆ ಕಾರಣವೋ, ಅಥವಾ ಕಾಯಿಲೆ ಬಿಟ್ಟುಹೋದ ಉಳಿಕೆಯೋ?

ವಂಶವಾಹಿಗಳ ಸಾಕ್ಷ್ಯ ಕಾರಣದ ಕಡೆಗೆ ವಾಲುತ್ತದೆ. ಅಮೈಲಾಯ್ಡ್ ಬೀಟಾ ಹುಟ್ಟುವ ಮೂಲ ಪ್ರೋಟೀನಿನ ವಂಶವಾಹಿಯಲ್ಲಿ, ಟೌ ವಂಶವಾಹಿಯಲ್ಲಿ, ಆಲ್ಫಾ ಸಿನ್ಯೂಕ್ಲಿನ್ ವಂಶವಾಹಿಯಲ್ಲಿ ಆಗುವ ಒಂದೇ ಒಂದು ಅಕ್ಷರದ ಬದಲಾವಣೆ ಕಾಯಿಲೆ ತರಲು ಸಾಕು. ಆಲ್ಫಾ ಸಿನ್ಯೂಕ್ಲಿನ್ ವಂಶವಾಹಿಯ ಪ್ರತಿಗಳು ಹೆಚ್ಚಾದರೂ ಪಾರ್ಕಿನ್ಸನ್ ಬರುತ್ತದೆ. ಇದಕ್ಕೆ ವಿರುದ್ಧವಾಗಿ, ಅಮೈಲಾಯ್ಡ್ ಬೀಟಾ ಉತ್ಪತ್ತಿಯನ್ನು ತಗ್ಗಿಸುವ ಬದಲಾವಣೆಯೊಂದು ಐಸ್‌ಲ್ಯಾಂಡಿನ ಜನರಲ್ಲಿ ಆಲ್ಝೈಮರ್‌ನಿಂದ ರಕ್ಷಣೆ ಕೊಡುತ್ತದೆಂದು 2012ರಲ್ಲಿ ಗೊತ್ತಾಯಿತು.

ಆದರೆ ಹಾನಿ ಮಾಡುವುದು ಪೂರ್ತಿ ಬೆಳೆದ ತಂತುವೋ, ಅದಕ್ಕಿಂತ ಮೊದಲಿನ ಕೆಲವೇ ಅಣುಗಳ ಚಿಕ್ಕ ಗುಂಪೋ ಎಂಬ ವಾದ ಮುಗಿದಿಲ್ಲ. ಆ ಚಿಕ್ಕ ಗುಂಪುಗಳು ಅಲ್ಪಾಯು, ಆಕಾರದಲ್ಲಿ ಅಸ್ಥಿರ. ಅದಕ್ಕಾಗಿಯೇ ಅವುಗಳ ರಚನೆ ತಂತುಗಳಷ್ಟು ಸ್ಪಷ್ಟವಾಗಿ ಕಂಡಿಲ್ಲ.

ಪ್ರಯೋಗಾಲಯದಲ್ಲಿ ಟೌ ತಂತು ತಯಾರಿಸಿ ಔಷಧ ಪರೀಕ್ಷಿಸುತ್ತಾರಲ್ಲ, ಅದು ಮಿದುಳಿನದೇ ತಂತುವೇ?

ಬಹುಕಾಲ ಅಲ್ಲದೇ ಇತ್ತು, ಹಾಗೆಂದು ಯಾರಿಗೂ ತಿಳಿದಿರಲಿಲ್ಲ. ಟೌ ತಾನಾಗಿ ಸುಲಭವಾಗಿ ತಂತುವಾಗದ ಕಾರಣ, ರಕ್ತ ಹೆಪ್ಪುಗಟ್ಟದಂತೆ ತಡೆಯಲು ಬಳಸುವ ಹೆಪಾರಿನ್ ಎಂಬ ವಸ್ತುವನ್ನು ಬೆರೆಸುವುದು ರೂಢಿಯಾಗಿತ್ತು. ಹಾಗೆ ಬೆಳೆದ ತಂತುಗಳ ಮಡಿಕೆ ಯಾವ ಕಾಯಿಲೆಯ ಮಡಿಕೆಗೂ ಹೊಂದುವುದಿಲ್ಲವೆಂದು 2019ರಲ್ಲಿ ಸ್ಪಷ್ಟವಾಯಿತು. ಹೆಪಾರಿನ್ ಇಲ್ಲದೆ, ಟೌನ 297ರಿಂದ 391ರವರೆಗಿನ ತುಣುಕನ್ನು ಬಳಸಿ, ಲವಣ ಮತ್ತು ಅಲುಗಾಟದ ಪರಿಸ್ಥಿತಿಗಳನ್ನು ಹೊಂದಿಸಿ ಆಲ್ಝೈಮರ್ ಮಡಿಕೆಯನ್ನೇ ಕೊಳವೆಯಲ್ಲಿ ಪಡೆದದ್ದು 2022ರಲ್ಲಿ. ತಂತುವಿನ ಮೇಲೆ ಕೆಲಸ ಮಾಡುವ ಔಷಧ ಹುಡುಕುವವರು ತಾವು ಬಳಸುವ ತಂತುವಿನ ಮಡಿಕೆಯನ್ನು ಮೊದಲು ಪರೀಕ್ಷಿಸಿ ತೋರಿಸಲೇಬೇಕು ಎಂಬುದು ನನ್ನ ದೃಢ ಅಭಿಪ್ರಾಯ.

ಬದುಕಿರುವಾಗಲೇ ಈ ಮಡಿಕೆ ಯಾವುದೆಂದು ತಿಳಿಯಬಹುದೇ?

ನೇರವಾಗಿ ನೋಡಲು ಇಂದಿಗೂ ಮರಣಾನಂತರದ ಮಿದುಳೇ ಬೇಕು. ಪರೋಕ್ಷ ದಾರಿಗಳಿವೆ. ಪೆಟ್ ಸ್ಕ್ಯಾನಿನಲ್ಲಿ ಬಳಸುವ ಫ್ಲೋರ್‌ಟೌಸಿಪಿರ್ ಎಂಬ ವಸ್ತು ಆಲ್ಝೈಮರ್ ಟೌ ತಂತುವಿಗೆ ಚೆನ್ನಾಗಿ ಅಂಟುತ್ತದೆ, ಪಿಎಸ್‌ಪಿ ಮೊದಲಾದವುಗಳ ತಂತುವಿಗೆ ಅಷ್ಟಾಗಿ ಅಂಟುವುದಿಲ್ಲ. ಮಡಿಕೆ ಬೇರೆಯಾದರೆ ಅಂಟುವ ಸಂದಿಯೂ ಬೇರೆ ಎಂಬುದು ಇದಕ್ಕೆ ವಿವರಣೆ. ಇನ್ನೊಂದು ದಾರಿ ಬೀಜ ವರ್ಧನೆ ಪರೀಕ್ಷೆ: ಬೆನ್ನುಹುರಿಯ ದ್ರವದಲ್ಲಿರುವ ಅತ್ಯಲ್ಪ ತಂತು ಬೀಜವನ್ನು ಸಹಜ ಪ್ರೋಟೀನಿನೊಡನೆ ಬೆರೆಸಿದಾಗ ಅದು ತನ್ನ ಅಚ್ಚನ್ನು ಹಬ್ಬಿಸುತ್ತದೆ. ಪಾರ್ಕಿನ್ಸನ್ ಮತ್ತು ಎಂಎಸ್‌ಎ ಬೀಜಗಳ ವರ್ತನೆ ಈ ಪರೀಕ್ಷೆಯಲ್ಲಿ ಬೇರೆ ಬೇರೆಯಾಗಿ ಕಾಣುತ್ತದೆ.

ಅರಿಶಿನ ತಿಂದರೆ ಈ ತಂತುಗಳು ಕರಗುತ್ತವೆಯೇ?

ಅರಿಶಿನದ ಕರ್ಕ್ಯುಮಿನ್ ಕೊಳವೆಯಲ್ಲಿ ಅಮೈಲಾಯ್ಡ್ ತಂತುಗಳಿಗೆ ಅಂಟುತ್ತದೆ ಎಂಬುದು ನಿಜ. ಆದರೆ ತಿಂದ ಕರ್ಕ್ಯುಮಿನ್ ರಕ್ತಕ್ಕೆ ಸೇರುವುದೇ ಅತ್ಯಲ್ಪ, ಮಿದುಳಿಗೆ ತಲುಪುವುದು ಇನ್ನೂ ಕಡಿಮೆ. ಆಲ್ಝೈಮರ್ ರೋಗಿಗಳ ಮೇಲೆ ನಡೆಸಿದ ಪ್ರಯೋಗದಲ್ಲಿ ಪ್ರಯೋಜನ ಕಂಡಿಲ್ಲ. ಅಡುಗೆಯ ಅರಿಶಿನ ಇದ್ದೇ ಇರಲಿ. ದುಬಾರಿ ಅರಿಶಿನ ಗುಳಿಗೆಗಳಿಗೆ ಹಣ ಸುರಿದು ವೈದ್ಯರು ಕೊಟ್ಟ ಮಾತ್ರೆ ನಿಲ್ಲಿಸಬೇಡಿ.

ಹೊಸ ಚುಚ್ಚುಮದ್ದುಗಳು ತಂತುವನ್ನು ತೆಗೆಯುತ್ತವಂತೆ. ಕಾಯಿಲೆ ಗುಣವಾಗುತ್ತದೆಯೇ?

ಗುಣವಾಗುವುದಿಲ್ಲ, ನಿಧಾನವಾಗುತ್ತದೆ. ಲೆಕನೆಮ್ಯಾಬ್ ಅಮೈಲಾಯ್ಡ್ ಬೀಟಾದ ಬೆಳೆಯುತ್ತಿರುವ ತಂತುಗಳಿಗೆ ಅಂಟುವ ಪ್ರತಿಕಾಯ. ಅಮೆರಿಕದಲ್ಲಿ ಅದಕ್ಕೆ 2023ರಲ್ಲಿ ಪೂರ್ಣ ಅನುಮತಿ ಸಿಕ್ಕಿತು. ಆರಂಭದ ಹಂತದ 1,795 ಮಂದಿಯ ಮೇಲೆ 18 ತಿಂಗಳು ನಡೆದ ಪ್ರಯೋಗದಲ್ಲಿ ಕುಸಿತದ ವೇಗ ಶೇ. 27ರಷ್ಟು ಕಡಿಮೆಯಾಯಿತು. ಕೆಲವರಲ್ಲಿ ಮಿದುಳಿನ ಊತ ಮತ್ತು ಸಣ್ಣ ರಕ್ತಸ್ರಾವ ಕಾಣಿಸಿಕೊಳ್ಳುವುದರಿಂದ ಪದೇ ಪದೇ ಎಂಆರ್‌ಐ ಮಾಡಿ ಗಮನಿಸಬೇಕಾಗುತ್ತದೆ. ಕಾಯಿಲೆ ಬಹಳ ಮುಂದುವರಿದವರಿಗೆ ಇದು ಹೊಂದುವುದಿಲ್ಲ. ಆ ಹೊತ್ತಿಗೆ ಟೌ ಗೋಜಲು ವ್ಯಾಪಕವಾಗಿ ಹಬ್ಬಿ ನರಕೋಶಗಳು ಸತ್ತಿರುತ್ತವೆ, ಗಡ್ಡೆ ತೆಗೆದರೂ ಅವು ಮರಳುವುದಿಲ್ಲ.

ಇದೆಲ್ಲ ವಿದೇಶದ ಮಿದುಳುಗಳ ಮೇಲೆ ನಡೆದ ಕೆಲಸ. ನಮ್ಮಲ್ಲಿ ಮಿದುಳು ದಾನ ಮಾಡಬಹುದೇ?

ಮಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಮಾನವ ಮಿದುಳಿನ ಅಂಗಾಂಶ ಭಂಡಾರ ಇದೆ. ಅದು ಸಂಶೋಧನೆಗಾಗಿ ಮರಣಾನಂತರದ ಮಿದುಳನ್ನು ಸ್ವೀಕರಿಸುತ್ತದೆ. ಕಣ್ಣಿನ ದಾನದಂತೆ ಇಲ್ಲೂ ಸಮಯ ಮುಖ್ಯ: ಮರಣದ ನಂತರ ಕೆಲವೇ ಗಂಟೆಗಳಲ್ಲಿ ಮಿದುಳನ್ನು ಹೊರತೆಗೆದು ಹೆಪ್ಪುಗಟ್ಟಿಸಿದರೆ ಮಾತ್ರ ಮೇಲೆ ವಿವರಿಸಿದಂಥ ಅಧ್ಯಯನಗಳಿಗೆ ಅದು ಚೆನ್ನಾಗಿ ಒದಗುತ್ತದೆ. ಆದ್ದರಿಂದ ಇಚ್ಛೆಯುಳ್ಳವರು ಬದುಕಿರುವಾಗಲೇ ಸಂಸ್ಥೆಯನ್ನು ಸಂಪರ್ಕಿಸಿ, ಮನೆಯವರಿಗೆ ಸ್ಪಷ್ಟವಾಗಿ ತಿಳಿಸಿ, ಚಿಕಿತ್ಸೆಯ ಕಾಗದಪತ್ರಗಳನ್ನು ಒಂದೆಡೆ ಇರಿಸುವುದು ಒಳ್ಳೆಯದು. ರೋಗವಿಲ್ಲದವರ ಮಿದುಳೂ ಹೋಲಿಕೆಗೆ ಅಷ್ಟೇ ಅಗತ್ಯ. ಮುಖಕ್ಕೆ ವಿರೂಪವಾಗದಂತೆ ಮಿದುಳನ್ನು ತೆಗೆದು ದೇಹವನ್ನು ಅಂತ್ಯಸಂಸ್ಕಾರಕ್ಕೆ ಮನೆಯವರಿಗೆ ಒಪ್ಪಿಸುತ್ತಾರೆ.